ದಿಗ್ವ್ರತವೂ ನೆರೆಯ ಮೈತ್ರಿಯೂ
ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ: ದಶದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವುದು. ಪ್ರಭುತ್ವಗಳಿಗೆ ಇದು ಅಸಾಧ್ಯವೆನ್ನುವವರು ಭಾರತ–ಭೂತಾನ ಮೈತ್ರಿಯನ್ನು ನೋಡಬೇಕು. 1949ರ ಒಪ್ಪಂದದಂತೆ ಭೂತಾನವು ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯನ್ನು ಅನುಸರಿಸಬೇಕಿತ್ತು. 2007ರ ಪರಿಷ್ಕರಣೆಯಲ್ಲಿ ಭಾರತ ಆ ಹಕ್ಕನ್ನು ಬಿಟ್ಟುಕೊಟ್ಟಿತು. ತನ್ನ ನೆಲವನ್ನು ಮತ್ತೊಬ್ಬರ ಭದ್ರತೆಗೆ ಕೇಡಾಗುವಂತೆ ಬಳಸಗೊಡಬಾರದೆಂಬ ನಿಯಮ ಇಬ್ಬರಿಗೂ ಸಮಾನವಾಯಿತು. ಬಲಿಷ್ಠನು ಕೈ ಹಿಂದೆಗೆದುದರಿಂದ ನಂಟು ಸಡಿಲವಾಗಲಿಲ್ಲ. 2025ರ ನವೆಂಬರಿನಲ್ಲಿ 1,020 ಮೆಗಾವ್ಯಾಟ್‌ನ ಪುನತ್ಸಾಂಗ್‌ಛು ಎರಡನೆಯ ಜಲವಿದ್ಯುತ್ ಯೋಜನೆ ಉಭಯರ ಸಹಯೋಗದಲ್ಲಿ ಉದ್ಘಾಟನೆಗೊಂಡಿತು.

ಆದರೆ ಹಾಕಿಕೊಂಡ ಎಲ್ಲೆಯನ್ನು ಮರೆಯುವುದೂ ಈ ವ್ರತದ ಅತಿಚಾರವೇ. ಭೂತಾನವು ಚೀನಾದೊಡನೆ ನೇರವಾಗಿ ಗಡಿ ಮಾತುಕತೆ ನಡೆಸುತ್ತಿದೆ. 2017ರಲ್ಲಿ ಸೇನೆಗಳು ಎದುರುಬದುರಾಗಿ ನಿಂತಿದ್ದ ದೋಕ್ಲಾಮ್ ನಮ್ಮ ಭದ್ರತೆಗೂ ಸೂಕ್ಷ್ಮವಾದ ನೆಲ. ಸಲಹೆ ಹೇಳುವ ಹಂಬಲ ಮರಳುವುದು ಇಂಥಲ್ಲಿಯೇ.