ಕ್ರೀಡಾ ಸುರಕ್ಷತೆ: ಹೆಲ್ಮೆಟ್ಟಿಗೆ ನಿಯಮ, ಗಾರ್ಡಿಗೆ ಸಂಕೋಚ

ಹಾಲ್ಕುರಿಕೆ (ತಿಪಟೂರು ತಾ.): ತೆಂಗಿನ ತೋಟಗಳ ನಡುವಿನ ಬಯಲಿನಲ್ಲಿ ಟೆನಿಸ್ ಚೆಂಡಿನಿಂದ ಕ್ರಿಕೆಟ್ ಕಲಿಯುವ ಹುಡುಗ, ಒಂದಲ್ಲ ಒಂದು ದಿನ ತಿಪಟೂರಿನಲ್ಲೋ ತುಮಕೂರಿನಲ್ಲೋ ಚರ್ಮದ ಚೆಂಡನ್ನು ಎದುರಿಸಬೇಕಾಗುತ್ತದೆ. ಸಾಮಾನ್ಯ ಟೆನಿಸ್ ಚೆಂಡಿನ ತೂಕ 60 ಗ್ರಾಂ ಮೀರುವುದಿಲ್ಲ. ಪುರುಷರ ಕ್ರಿಕೆಟ್ಟಿನ ಚರ್ಮದ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಎರಡೂವರೆ ಪಟ್ಟಿಗೂ ಹೆಚ್ಚು ತೂಕದ ಈ ಗಟ್ಟಿ ಚೆಂಡಿನ ಮುಂದೆ ನಿಲ್ಲುವವನ ಬಳಿ ಬ್ಯಾಟು, ಪ್ಯಾಡು, ಗ್ಲೌಸು ಇರುತ್ತವೆ. ಮರ್ಮಾಂಗವನ್ನು ಕಾಯುವ ಗಾರ್ಡ್ ಇದೆಯೇ ಎಂದು ಕೇಳುವವರು ಮಾತ್ರ ವಿರಳ.

ಕ್ರೀಡಾಲೋಕದ ನಿಯಮಗಳು ಬಹುತೇಕ ದುರಂತದ ಬಳಿಕವೇ ಬಿಗಿಯಾಗುತ್ತವೆ. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ರಮಣ್ ಲಾಂಬಾ ಮೃತಪಟ್ಟರು. 2014ರ ನವೆಂಬರ್‌ನಲ್ಲಿ ಫಿಲ್ ಹ್ಯೂಸ್ ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ ಅಸುನೀಗಿದರು. 2023ರ ಜೂನ್‌ನಿಂದ ಅಪಾಯದ ಸ್ಥಾನಗಳಲ್ಲಿ ಹೆಲ್ಮೆಟ್ ಧರಿಸುವುದನ್ನು ಐಸಿಸಿ ಕಡ್ಡಾಯಗೊಳಿಸಿತು. ತೊಡೆಸಂದಿಯ ಪೆಟ್ಟು ಜೀವ ತೆಗೆಯುವುದು ಅಪರೂಪ. ಹಾಗಾಗಿ ಕ್ರಿಕೆಟ್ಟಿನ ನಿಯಮಾವಳಿಯು ಗಾರ್ಡನ್ನು ಆಟಗಾರನ ವಿವೇಚನೆಗೆ ಬಿಟ್ಟಿದೆ. ಟೇಕ್ವಾಂಡೋದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪುರುಷರಿಗೂ ಮಹಿಳೆಯರಿಗೂ ಅದು ಕಡ್ಡಾಯ.

ನಮ್ಮ ಗರಡಿಮನೆಗಳಿಗೆ ಈ ಎಚ್ಚರ ಹೊಸದೇನಲ್ಲ. ಲಂಗೋಟಿ ಬಿಗಿಯದೆ ಪೈಲ್ವಾನನು ಮಟ್ಟಿಗೆ ಇಳಿಯುತ್ತಿರಲಿಲ್ಲ. ಆದರೆ ಲಂಗೋಟಿ ಕೊಡುವುದು ಆಧಾರವನ್ನೇ ಹೊರತು ಕವಚವನ್ನಲ್ಲ. ಇಂದಿನ ‘ಸಪೋರ್ಟರ್’ ಕೂಡ ಅದೇ ಜಾತಿಯದು. ಈ ವ್ಯತ್ಯಾಸ ತಿಳಿಯದೆ ಕೊಂಡರೆ ಹಣವೂ ವ್ಯರ್ಥ, ರಕ್ಷಣೆಯೂ ಶೂನ್ಯ.

ಓಟ, ಖೋಖೋ, ವಾಲಿಬಾಲ್‌ಗಳಿಗೆ ಸಪೋರ್ಟರ್ ಅಥವಾ ಬಿಗಿಯಾದ ಒಳಚಡ್ಡಿ ಸಾಕು. ಮೈಗೆ ಮೈ ತಾಗುವ ಕಬಡ್ಡಿಯಲ್ಲಿ ಗಟ್ಟಿ ಕವಚವು ಎದುರಾಳಿಗೂ ಪೆಟ್ಟು ಮಾಡಬಹುದಾದ್ದರಿಂದ ಅಲ್ಲಿಯೂ ಬಿಗಿ ಒಳಉಡುಪೇ ಸೂಕ್ತ. ಚರ್ಮದ ಚೆಂಡಿನ ಕ್ರಿಕೆಟ್, ಹಾಕಿಯ ಗೋಲ್‌ಕೀಪಿಂಗ್, ಬಾಕ್ಸಿಂಗ್, ಟೇಕ್ವಾಂಡೋಗಳಿಗೆ ಮಾತ್ರ ಗಟ್ಟಿ ಗಾರ್ಡ್ ಬೇಕೇ ಬೇಕು.

ಗಾರ್ಡ್ ಆಯುವಾಗ ಬೆಲೆಗಿಂತ ಅಳತೆ ಮುಖ್ಯ. ದೊಡ್ಡವರ ಗಾರ್ಡನ್ನು ಹುಡುಗನಿಗೆ ತೊಡಿಸಿದರೆ ಓಡುವಾಗ ಅದು ಜಾರಿ, ಅಂಚಿನಲ್ಲೇ ಅಂಗವನ್ನು ಚಿವುಟುತ್ತದೆ. ಅಂಚಿಗೆ ಮೆತ್ತನೆಯ ಪಟ್ಟಿ, ಗಾಳಿಯಾಡಲು ರಂಧ್ರಗಳು ಇರಬೇಕು. ಸಡಿಲ ಚಡ್ಡಿಯೊಳಗೆ ತುರುಕಿದರೆ ಅದು ನಿಲ್ಲದು. ಜೇಬುಳ್ಳ ಸಪೋರ್ಟರ್ ಬೇಕು. ತೊಟ್ಟು, ಕುಕ್ಕರಗಾಲಿನಲ್ಲಿ ಕೂತು, ನಾಲ್ಕು ಹೆಜ್ಜೆ ಓಡಿ ನೋಡಿದರೆ ಸರಿಯಿದೆಯೇ ಎಂಬುದು ತಿಳಿಯುತ್ತದೆ. ಬಿರುಕು ಬಿಟ್ಟದ್ದನ್ನು ಎಸೆಯುವುದೇ ಲೇಸು. 1974ರ ಪರ್ತ್ ಟೆಸ್ಟ್‌ನಲ್ಲಿ ಜೆಫ್ ಥಾಮ್ಸನ್ ಎಸೆತಕ್ಕೆ ಇಂಗ್ಲೆಂಡಿನ ಡೇವಿಡ್ ಲಾಯ್ಡ್ ಅವರ ಪ್ಲಾಸ್ಟಿಕ್ ಗಾರ್ಡ್ ಒಡೆದು, ಅವರು ನೋವಿನಿಂದ ಅಂಗಳ ಬಿಡಬೇಕಾಯಿತು. ಹುಡುಗಿಯರಿಗೆ ಪ್ರತ್ಯೇಕ ಆಕಾರದ ಗಾರ್ಡುಗಳಿವೆ ಎಂಬುದನ್ನೂ ಪೋಷಕರು ಅರಿಯಬೇಕು.

ಹಳ್ಳಿಯ ತಂಡಗಳಲ್ಲಿ ಕಿಟ್ ಒಂದೇ. ಔಟಾಗಿ ಬಂದವನ ಪ್ಯಾಡ್ ಮುಂದಿನವನಿಗೆ ಸಲ್ಲುವಂತೆ ಗಾರ್ಡ್ ಸಲ್ಲಬಾರದು. ಬೆವರಿನ ತೇವದಲ್ಲಿ ಹುಳುಕಡ್ಡಿಯಂತಹ ಶಿಲೀಂಧ್ರ ಸೋಂಕು ಸುಲಭವಾಗಿ ಹರಡುತ್ತದೆ. ಗಾರ್ಡ್ ಅವರವರದೇ ಆಗಿರಬೇಕು. ಆಟ ಮುಗಿದ ಮೇಲೆ ಸೋಪಿನಿಂದ ತೊಳೆದು ಒಣಗಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ನಾಚಿಕೆಯಲ್ಲಿ. ಪೆಟ್ಟು ಬಿದ್ದಾಗ ಸುತ್ತಲಿನವರು ನಗುತ್ತಾರೆ, ಹುಡುಗ ತಾನೂ ನಕ್ಕು ನೋವು ನುಂಗುತ್ತಾನೆ. ಬಹಳಷ್ಟು ಸಲ ನೋವು ಗಂಟೆಯೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ಊತ, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದು ತುರ್ತು ಸ್ಥಿತಿ. ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ವೃಷಣದ ತಿರುಚುವಿಕೆಯು ಪೆಟ್ಟಿನ ಬಳಿಕವೂ, ಪೆಟ್ಟಿಲ್ಲದೆಯೂ ಆಗಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗವನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಮಧ್ಯಾಹ್ನದ ನೋವನ್ನು ರಾತ್ರಿಯವರೆಗೆ ಮುಚ್ಚಿಟ್ಟರೆ ಆ ಅವಧಿ ಕಳೆದೇ ಹೋಗಿರುತ್ತದೆ. ಹಳ್ಳಿಯಿಂದ ಪಟ್ಟಣದ ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಸಾಗುವ ಪ್ರಯಾಣವೂ ಇದೇ 6 ಗಂಟೆಯೊಳಗೇ ಮುಗಿಯಬೇಕು.

ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ಮೆಟ್ಟಿಲುಗಳ ಮೂಲಕವೇ ಶಾಲಾ ಕ್ರೀಡಾಪಟುಗಳು ರಾಜ್ಯಮಟ್ಟ ಮುಟ್ಟುತ್ತಾರೆ. ಚರ್ಮದ ಚೆಂಡಿನ ಪಂದ್ಯಕ್ಕೆ ಗಾರ್ಡ್ ಇಲ್ಲದವರನ್ನು ಇಳಿಸುವುದಿಲ್ಲ ಎಂಬ ಒಂದು ಸಾಲಿನ ನಿಯಮಕ್ಕೆ ದೊಡ್ಡ ಅನುದಾನ ಬೇಕಿಲ್ಲ. ದೈಹಿಕ ಶಿಕ್ಷಕರು ಶೂ, ಜೆರ್ಸಿಯ ಬಗ್ಗೆ ಕೇಳುವಷ್ಟೇ ಸಹಜವಾಗಿ ಇದನ್ನೂ ಕೇಳಬೇಕು. ನಿಯಮ ರೂಪಿಸಲು ಇನ್ನೊಂದು ದುರಂತಕ್ಕೆ ಕಾಯುವುದು ತರವಲ್ಲ.