ಹುಯ್ದ ದೋಸೆ ಮತ್ತೆ ಹಿಟ್ಟಾಗಲ್ಲ

ಕಳೆದ ವರ್ಷ ರಾಜ್ಯೋತ್ಸವದ ಡೊಳ್ಳು ಕುಣಿತದ ಫೋಟೋಗಳನ್ನ ಎಡಿಟ್ ಮಾಡೋಕೆ ನಮಗೆ ಎರಡು ರಾತ್ರಿ ಹಿಡಿದಿತ್ತು. ಈ ವರ್ಷ ಬ್ಯಾನರ್‌ಗೆ ಅಂತ ಹಾರ್ಡ್ ಡಿಸ್ಕ್ ತೆಗೆದರೆ ರಾ ಫೈಲ್‌ಗಳಿವೆ, ಎಡಿಟ್ ಒಂದೂ ಇಲ್ಲ. ತಪ್ಪು ಸಾಫ್ಟ್‌ವೇರ್‌ನದ್ದಲ್ಲ, ನಮ್ಮದೇ.

ಡಾರ್ಕ್‌ಟೇಬಲ್ ರಾ ಫೈಲನ್ನ ಮುಟ್ಟೋದೇ ಇಲ್ಲ. ನಾವು ಮಾಡಿದ ಬದಲಾವಣೆಗಳನ್ನ ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತೆ. ಕಾಪಿ ಮಾಡುವಾಗ "ಈ ಚಿಲ್ಲರೆ ಫೈಲ್‌ಗಳು ಯಾಕೆ" ಅಂತ ಅವನ್ನ ಬಿಟ್ಟೆವು. ಆಮೇಲೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯ್ತು, ಅಲ್ಲಿಗೆ ಮುಗೀತು.

ಬ್ಯಾನರ್ ಮರುದಿನವೇ ಪ್ರಿಂಟ್‌ಗೆ ಹೋಗಬೇಕಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಉಳಿದಿದ್ದ ಜೆಪೆಗ್ ತಗೊಂಡು ಮುಖಗಳಿಗೆ ಬೆಳಕು ಕೊಟ್ಟರೆ ಬರೀ ಕಲೆ ಕಲೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384. ಹುಯ್ದ ದೋಸೆಯನ್ನ ಮತ್ತೆ ಹಿಟ್ಟು ಮಾಡೋಕಾಗುತ್ತಾ?

"ಜಿಂಪ್ ಒಂದಿದ್ರೆ ಸಾಕು ಗುರು" ಅನ್ನೋರು ನಮ್ಮಲ್ಲೇ ಇದ್ದಾರೆ. ಆದರೆ ಜಿಂಪ್ ತಾನಾಗಿ ರಾ ಫೈಲ್ ತೆರೆಯಲ್ಲ. ಡಾರ್ಕ್‌ಟೇಬಲ್‌ನೋ ರಾಥೆರಪಿಯನ್ನೋ ಕರೆಯುತ್ತೆ. ಹಾಗಾಗಿ ನಮ್ಮ ಅಭಿಪ್ರಾಯ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚೋದೇ ಸರಿ. ಆರಿಸೋಕೆ, ಟ್ಯಾಗ್ ಹಾಕೋಕೆ ಡಿಜಿಕ್ಯಾಮ್. ಬೆಳಕು, ಬಣ್ಣಕ್ಕೆ ಡಾರ್ಕ್‌ಟೇಬಲ್. ಹಿಂದಿನ ವೈರ್ ಅಳಿಸೋಕೆ, ಅಕ್ಷರ ಹಾಕೋಕೆ ಕೊನೆಗೆ ಜಿಂಪ್.

ಈ ಕ್ರಮ ತಪ್ಪಬಾರದು. ಜಿಂಪ್‌ಗೆ ಹೋಗೋದು ಒಂದು ಪ್ರತಿ ಮಾತ್ರ. ಆಮೇಲೆ ಡಾರ್ಕ್‌ಟೇಬಲ್‌ನಲ್ಲಿ ಬೆಳಕು ಬದಲಾಯಿಸಿದರೆ ಆ ಪ್ರತಿಗೆ ಅದು ಗೊತ್ತಾಗಲ್ಲ; ವೈರ್ ಅಳಿಸೋ ಕೆಲಸ ಮತ್ತೆ ಮೊದಲಿಂದ.

ಆ ಪ್ರತಿ 16 ಬಿಟ್ ಟಿಫ್ ಆಗಿರಲಿ. ಜಾಗ ಎಲ್ಲಿದೆ ಅಂತೀರಾ? ನಿಜ, 24 ಮೆಗಾಪಿಕ್ಸೆಲ್ ಫೋಟೋ ಒಂದಕ್ಕೆ, ಕಂಪ್ರೆಸ್ ಮಾಡದಿದ್ರೆ, 144 ಎಂಬಿ. ಆದರೆ ಮುನ್ನೂರು ಫೋಟೋಗಳನ್ನೂ ಜಿಂಪ್‌ಗೆ ಕಳಿಸಿ ಅಂದವರು ಯಾರು? ಬ್ಯಾನರ್‌ಗೆ, ಪೋಸ್ಟರ್‌ಗೆ ಬೇಕಾದ ಐದಾರು ಸಾಕು. ಕೆಲಸ ಮುಗಿದ ಮೇಲೆ ಟಿಫ್ ಅಳಿಸಿದರೂ ನಡೆಯುತ್ತೆ, ಜಿಂಪ್‌ನ ಎಕ್ಸ್‌ಸಿಎಫ್ ಫೈಲ್ ಇಟ್ಟುಕೊಂಡರೆ.

ಇನ್ನು ಮುಂದೆ ಜೂನಿಯರ್‌ಗಳಿಗೆ ಡ್ರೈವ್ ಲಿಂಕ್ ಕೊಟ್ಟು ಕೈ ತೊಳೆದುಕೊಳ್ಳೋದು ಬೇಡ. ರಾ, ಎಕ್ಸ್‌ಎಂಪಿ, ಕೊನೆಯ ಜೆಪೆಗ್, ಮೂರೂ ಇರೋ ಫೋಲ್ಡರ್ ಎರಡು ಡಿಸ್ಕ್‌ನಲ್ಲಿ ಇರಲಿ. ಅವತ್ತು ಡೊಳ್ಳು ಬಾರಿಸಿದ ಸೀನಿಯರ್‌ಗಳು ಪಾಸಾಗಿ ಹೋದ್ರು. ಎಡಿಟ್ ಮತ್ತೆ ಮಾಡಬಹುದು, ಅವರನ್ನ ಮತ್ತೆ ಆ ಸ್ಟೇಜ್ ಮೇಲೆ ನಿಲ್ಲಿಸೋಕಾಗಲ್ಲ.