ಲಘುವಿನ ಪರವಾಗಿ

ಛಂದಸ್ಸಿನ ಪಾಠ ಹೇಳುವವನು ಓಟದ ವಿಷಯಕ್ಕೆ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಬಲ್ಲವರು ಹೇಳಿಯಾರು. ಆದರೂ ನನ್ನ ತರಗತಿಗೆ ಹುಡುಗನೊಬ್ಬ ಗೋಡೆ ಹಿಡಿದು ಕುಂಟುತ್ತ ಬಂದುದನ್ನು ಕಂಡ ಮೇಲೆ ಸುಮ್ಮನಿರಲಾರೆ.

ಅವನು ದೇವದುರ್ಗದ ಕಡೆಯ ಹಳ್ಳಿಯವನು. ರಾಯಚೂರಿನಲ್ಲಿ ಕೋಣೆ ಹಿಡಿದು ಓದುತ್ತಾನೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು; ಎಂದರೆ 400 ಮೀಟರಿನ ಪಥದಲ್ಲಿ ನಾಲ್ಕು ಸುತ್ತು. ದೇವದುರ್ಗ, ಮಾನ್ವಿಗಳಿಂದ ಬಂದ ಎಷ್ಟೋ ಮಕ್ಕಳ ಪಾಲಿಗೆ ಮನೆಯ ಮುಂದಿನ ದಿನಗಳೆಲ್ಲ ಆ ನಾಲ್ಕು ಸುತ್ತಿನಲ್ಲಿ ಅಡಗಿವೆ. ಬೆಳಕು ಹರಿಯುವ ಮುನ್ನವೇ ಮೈದಾನಕ್ಕಿಳಿಯುತ್ತಾರೆ. ನಮ್ಮೂರ ಬಿಸಿಲನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ತಪ್ಪಿರುವುದು ಅವರ ಶ್ರದ್ಧೆಯಲ್ಲಲ್ಲ. ದಿನವೂ ಗಡಿಯಾರ ಹಿಡಿದು, ದಿನವೂ ಪರೀಕ್ಷೆಯ ವೇಗದಲ್ಲಿಯೇ ಓಡುತ್ತಾರೆ! ನಿನ್ನೆಗಿಂತ ಇಂದು ಎರಡು ಸೆಕೆಂಡು ಹೆಚ್ಚಾದರೆ ಅದನ್ನು ಸೋಮಾರಿತನವೆಂದು ತಿಳಿದು ನಾಳೆ ಇನ್ನೂ ಬಿರುಸು. ಈ ಹುಡುಗ ಮುಂಗಾಲಿನ ಎಲುಬಿನ ನೋವನ್ನು ಮೂರು ವಾರ ಮುಚ್ಚಿಟ್ಟುಕೊಂಡು ಓಡಿದ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆಯೆಂದರು ವೈದ್ಯರು. ಗೆಳೆಯರು ಪರೀಕ್ಷೆಗೆ ಓಡಿದ ದಿನ ಅವನು ಕೋಣೆಯಲ್ಲಿ ಮಲಗಿದ್ದ.

“ನಡುನಡುವೆ ಒಂದು ದಿನ ಮೆಲ್ಲಗೆ ಓಡಬಾರದಿತ್ತೆ?” ಎಂದು ಕೇಳಿದೆ.

“ಮೆಲ್ಲಕ ಓಡಿದ್ರ ಏನು ಬಂತ್ರೀ ಸರ, ಅದೂ ಒಂದು ಓಟೇನ್ರಿ?”

ಈ ತಿರಸ್ಕಾರವೇ ನನ್ನ ತಕರಾರು. ಬಿರುಸಿನ ಓಟ ಸ್ನಾಯುವಿನ ಎಳೆಗಳನ್ನು ಅಲ್ಲಲ್ಲಿ ಘಾಸಿಗೊಳಿಸುತ್ತದೆ. ಕೂಡಿಟ್ಟ ಶಕ್ತಿಯನ್ನು ಕರಗಿಸುತ್ತದೆ. ದೇಹ ಅದನ್ನೆಲ್ಲ ಸರಿಪಡಿಸಿಕೊಂಡು ಗಟ್ಟಿಯಾಗುವುದು ಓಡುವಾಗಲ್ಲ, ಓಡಿದ ಮೇಲೆ. ಅದಕ್ಕೆ ಒಂದೆರಡು ದಿನವಾದರೂ ಬೇಕು. ಅಮೆರಿಕದ ಆರೆಗನ್ ವಿಶ್ವವಿದ್ಯಾನಿಲಯದ ತರಬೇತುದಾರ ಬಿಲ್ ಬೋವರ್‌ಮನ್ ಕಳೆದ ಶತಮಾನದ ನಡುಭಾಗದಲ್ಲಿಯೇ ಬಿರುಸಿನ ದಿನದ ಮರುದಿನ ತನ್ನ ಓಟಗಾರರಿಗೆ ಹಗುರ ದಿನವನ್ನು ವಿಧಿಸುತ್ತಿದ್ದ. ಅವನ ಶಿಷ್ಯರು ಒಲಿಂಪಿಕ್ ಓಟಗಳಲ್ಲಿ ಓಡಿದವರು. ಮೆಲ್ಲಗೆ ಓಡಿ ಕೆಟ್ಟವರಲ್ಲ.

ಹಗುರ ಓಟ ಲ್ಯಾಕ್ಟಿಕ್ ಆಮ್ಲವನ್ನು ತೊಳೆದು ಮೈನೋವು ಕಳೆಯುತ್ತದೆಂಬ ಮಾತೊಂದು ಮೈದಾನದಲ್ಲಿ ಕೇಳಿಬರುತ್ತದೆ. ಆ ಆಮ್ಲ ತಾನಾಗಿಯೇ ಒಂದೆರಡು ಗಂಟೆಯೊಳಗೆ ಇಳಿಯುತ್ತದೆ. ಮರುದಿನದ ನೋವಿಗೆ ಅದು ಕಾರಣವೂ ಅಲ್ಲ. ಹಗುರ ದಿನದ ಲಾಭವೇ ಬೇರೆ: ದಮ್ಮು ಬೆಳೆಯುತ್ತದೆ, ರಿಪೇರಿಗೆ ಅಡ್ಡಿಯಾಗುವುದಿಲ್ಲ. ಎಲುಬಿನ ಒಂದೇ ಕಡೆ ನೋವು ಕಚ್ಚಿಕೊಂಡಿದ್ದರೆ ಮಾತ್ರ ಹಗುರ ಓಟವೂ ಸಲ್ಲದು. ವೈದ್ಯರ ಬಳಿಗೆ ಹೋಗಬೇಕು.

ಈ ವಿವೇಕಕ್ಕಾಗಿ ಆರೆಗನ್ನಿನವರೆಗೆ ಹೋಗಬೇಕೆ? ಟ್ರ್ಯಾಕ್ಟರು ಬಂದ ಮೇಲೂ ನಮ್ಮ ಕಡೆ ಎತ್ತು ಕಟ್ಟಿದ ಮನೆಗಳಲ್ಲಿ ಸೋಮವಾರ ನೊಗ ಹೂಡುವುದಿಲ್ಲ. ಎತ್ತಿಗೆ ಸಲ್ಲುವ ದಯೆ ಮಗನ ಕಾಲಿಗೆ ಸಲ್ಲದೆ? ಲಘುವೆಂದರೆ ಕೀಳೆಂದು ನಮ್ಮ ಯಾವ ಲಾಕ್ಷಣಿಕನೂ ಬರೆದಿಲ್ಲ. ಬರಿಯ ಗುರುಗಳನ್ನೇ ಜೋಡಿಸಿದ ಸಾಲು ಮಾತ್ರೆಯ ಲೆಕ್ಕಕ್ಕೆ ಸರಿಹೋದೀತು, ಓಡಲಾರದು. ದುಡ್ಡು ಪಡೆದು ತರಬೇತಿ ನಡೆಸುವವರು ವಾರಕ್ಕೆ ಎರಡು ಮೂರು ದಿನಕ್ಕಿಂತ ಹೆಚ್ಚು ಗಡಿಯಾರವನ್ನು ಹೊರತೆಗೆಯಬಾರದೆಂದು ನನ್ನ ಬಿನ್ನಹ.

ಎಲುಬು ಕೂಡಿಕೊಂಡಿತು. ಮುಂದಿನ ನೇಮಕಾತಿಗಾಗಿ ಅವನು ಮತ್ತೆ ಓಡುತ್ತಿದ್ದಾನೆ. ಹಗುರ ಓಟದ ಅಳತೆ ಹೇಗೆಂದು ಕೇಳಿದ. ಏದುಸಿರಿಲ್ಲದೆ ಮಾತಾಡಲು ಬರುವಷ್ಟೇ ವೇಗವೆಂದೆ; ಒಬ್ಬನೇ ಓಡುವುದಾದರೆ ಪಠ್ಯದ ಭಾಮಿನಿ ಷಟ್ಪದಿಯೊಂದನ್ನು ಹೇಳಿಕೊಳ್ಳಲಿ ಎಂದೆ. ಮೂರನೆಯ ಸಾಲಿಗೆ ನಿಂತುಬಿಡುತ್ತದೆಯಂತೆ. ಉಸಿರು ಸಾಲದೆ ಅಲ್ಲ, ಕಂಠಪಾಠ ಸಾಲದೆ.